ಹಿರಿಯರ ಆರೈಕೆಗೆ ಮಾನದಂಡ ಯಾವುದು?

ನಮ್ಮ ಕಡೆ ‘ನರ್ಸಿಂಗ್ ಹೋಮ್’ ಎಂದರೆ ಹೆರಿಗೆಗೋ ಜ್ವರಕ್ಕೋ ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗೋ ದಾಖಲಾಗುವ ಖಾಸಗಿ ಆಸ್ಪತ್ರೆ. ‘ವೃದ್ಧಾಶ್ರಮ’ ಎಂದರೆ ದಿಕ್ಕಿಲ್ಲದವರಿಗೆ ದಾನಿಗಳ ನೆರವಿನಿಂದ ಅನ್ನ, ಆಶ್ರಯ ನೀಡುವ ತಾಣ. ಇವೆರಡರ ನಡುವೆ ಮೂರನೆಯದೊಂದು ಇದೆ. ಆಸ್ಪತ್ರೆಯಲ್ಲಿ ಇರಬೇಕಾದಷ್ಟು ಕಾಯಿಲೆಯಿಲ್ಲದ, ಆದರೆ ಮನೆಯಲ್ಲಿ ಒಬ್ಬರೇ ಎತ್ತಿ ಕೂರಿಸಲಾಗದಷ್ಟು ಅಸಹಾಯಕರಾದ ಹಿರಿಯರನ್ನು ಶುಲ್ಕ ಪಡೆದು ಹಗಲಿರುಳು ನೋಡಿಕೊಳ್ಳುವ ಕೇಂದ್ರ ಅದು. ಪಾಶ್ಚಾತ್ಯ ದೇಶಗಳಲ್ಲಿ ನರ್ಸಿಂಗ್ ಹೋಮ್ ಎಂದು ಕರೆಯುವುದು ಇದನ್ನೇ. ಕನ್ನಡದಲ್ಲಿ ಇದಕ್ಕೆ ನೆಲೆಗೊಂಡ ಹೆಸರಿಲ್ಲ. ಹೆಸರಿಲ್ಲದ ಕಾರಣಕ್ಕೋ ಏನೋ ಕಾನೂನಿನಲ್ಲಿ ಇದಕ್ಕೆ ಸ್ಪಷ್ಟ ಸ್ಥಾನವೂ ಇಲ್ಲ. ಹೀಗಾಗಿ ತಾಯಿಯನ್ನೋ ತಂದೆಯನ್ನೋ ಅಲ್ಲಿ ಬಿಡಬೇಕಾದ ಕುಟುಂಬ, ಆ ಜಾಗ ಒಳ್ಳೆಯದೇ ಕೆಟ್ಟದ್ದೇ ಎಂದು ತೀರ್ಮಾನಿಸಲು ಯಾವ ಆಧಾರವೂ ಇಲ್ಲದೆ ನಿಲ್ಲುತ್ತದೆ.

ಇದು ಬೆಂಗಳೂರಿನಂಥ ಮಹಾನಗರಗಳ ಸಮಸ್ಯೆ ಮಾತ್ರ ಎಂದು ಭಾವಿಸುವವರು ಚಾಮರಾಜನಗರ ಜಿಲ್ಲೆಯ ಜನಗಣತಿಯನ್ನು ಒಮ್ಮೆ ನೋಡಬೇಕು. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ 15ಕ್ಕೂ ಹೆಚ್ಚು ಬೆಳೆದರೆ, ಈ ಜಿಲ್ಲೆಯ ಬೆಳವಣಿಗೆ ಶೇ 6ನ್ನೂ ಮುಟ್ಟಲಿಲ್ಲ. ಗುಂಡ್ಲುಪೇಟೆಯ ಯಾವ ಹಳ್ಳಿಗೆ ಹೋದರೂ ಇದರ ಒಂದು ಕಾರಣ ಕಣ್ಣಿಗೆ ಬೀಳುತ್ತದೆ. ಹುಡುಗರು ನಂಜನಗೂಡಿನ ಕಾರ್ಖಾನೆಗಳಿಗೆ, ಮೈಸೂರಿಗೆ, ಬೆಂಗಳೂರಿಗೆ, ಗಡಿಯಾಚೆಯ ಕೇರಳ, ತಮಿಳುನಾಡುಗಳಿಗೆ ಹೋಗಿದ್ದಾರೆ. ಜಗಲಿಯ ಮೇಲೆ ಉಳಿದಿರುವವರು ವಯಸ್ಸಾದವರು. 2011ರಲ್ಲಿ ದೇಶದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ 8.6ರಷ್ಟಿದ್ದರೆ, ಕರ್ನಾಟಕದಲ್ಲಿ ಆ ಪ್ರಮಾಣ ಶೇ 9.5ರಷ್ಟಿತ್ತು. 2017–18ರಲ್ಲಿ ನಡೆದ ರಾಷ್ಟ್ರಮಟ್ಟದ ವೃದ್ಧಾಪ್ಯ ಅಧ್ಯಯನದ ಪ್ರಕಾರ ಹಿರಿಯರಲ್ಲಿ ಸುಮಾರು ಶೇ 6ರಷ್ಟು ಮಂದಿ ಒಂಟಿಯಾಗಿ, ಶೇ 20ರಷ್ಟು ಮಂದಿ ಗಂಡ ಹೆಂಡತಿ ಇಬ್ಬರೇ ಆಗಿ ಬದುಕುತ್ತಿದ್ದರು. ಅದೇ ಅಧ್ಯಯನದ ಮುಂದುವರಿಕೆಯಲ್ಲಿ, 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಮರೆಗುಳಿತನದ ಕಾಯಿಲೆ ಇದೆಯೆಂದು ಅಂದಾಜಿಸಲಾಗಿದೆ. ‘ನಮ್ಮ ಸಂಸ್ಕೃತಿಯಲ್ಲಿ ಮಕ್ಕಳೇ ನೋಡಿಕೊಳ್ಳುತ್ತಾರೆ’ ಎಂಬ ಮಾತಿನಿಂದ ಈ ಲೆಕ್ಕ ಬದಲಾಗುವುದಿಲ್ಲ.

ತೆರಕಣಾಂಬಿಯ ಸಮೀಪದ ಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಲಕ್ವ ಹೊಡೆದು ಬಲಭಾಗ ಸ್ವಾಧೀನ ತಪ್ಪಿದ ಮೇಲೆ ಈ ವಿಷಯ ನನ್ನ ಮನೆಯದೂ ಆಯಿತು. ಮಗ ಪುಣೆಯಲ್ಲಿ ನೌಕರ. ಮಗಳು ಚಾಮರಾಜನಗರದಲ್ಲಿ ಶಾಲಾ ಶಿಕ್ಷಕಿ. ಆಕೆಯ ಎರಡು ಕೋಣೆಯ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಆಗಲೇ ಇದ್ದಾರೆ. ಮೈಸೂರಿನಲ್ಲಿರುವ ನಾನೂ ನನ್ನ ಹೆಂಡತಿಯೂ ಅರವತ್ತು ದಾಟಿದವರು. ಅಕ್ಕನನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತಲು ಇಬ್ಬರು ಗಟ್ಟಿ ಆಳು ಬೇಕು. ಮೂರು ತಿಂಗಳ ಅವಧಿಯಲ್ಲಿ ಚಾಮರಾಜನಗರ, ಗುಂಡ್ಲುಪೇಟೆ, ನಂಜನಗೂಡು, ಮೈಸೂರುಗಳಲ್ಲಿ ಏಳು ಸ್ಥಳಗಳನ್ನು ನೋಡಿ ಬಂದೆ. ಎರಡು ಧರ್ಮಾರ್ಥ ಆಶ್ರಮಗಳು ‘ನಡೆದಾಡುವವರನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ’ ಎಂದವು. ಆರೈಕೆಯ ಅಗತ್ಯ ಅತಿ ಹೆಚ್ಚಿರುವವರಿಗೇ ಅಲ್ಲಿ ಬಾಗಿಲಿಲ್ಲ. ಒಂದು ಖಾಸಗಿ ಆಸ್ಪತ್ರೆ, ಹಾಸಿಗೆ ಖಾಲಿಯಿರುವವರೆಗೆ ದಿನದ ಬಾಡಿಗೆಗೆ ಇಟ್ಟುಕೊಳ್ಳಲು ಒಪ್ಪಿತು. ಉಳಿದವು ಶುಲ್ಕದ ಕೇಂದ್ರಗಳು.

ಈ ಕೇಂದ್ರಗಳು ಬಂದವರಿಗೆ ತೋರಿಸುವ ವಸ್ತುಗಳು ಬಹುಮಟ್ಟಿಗೆ ಒಂದೇ: ಹೊಸ ಟೈಲ್ಸ್, ಹೂವಿನ ಕುಂಡ, ದೇವರ ಮನೆ, ಗೋಡೆಯ ಮೇಲಿನ ಟಿ.ವಿ., ಸಿ.ಸಿ. ಕ್ಯಾಮೆರಾ. ಹಣ ಕಟ್ಟುವವರು ಮಕ್ಕಳಾದ್ದರಿಂದ ಅವರ ಕಣ್ಣಿಗೆ ಹಿತವಾಗುವುದನ್ನು ತೋರಿಸಲಾಗುತ್ತದೆ. ಇದರಲ್ಲಿ ಅಚ್ಚರಿಯೇನೂ ಇಲ್ಲ. ವೈದ್ಯಕೀಯ ಸೇವೆ ಮಾರುಕಟ್ಟೆಯ ಬೇರೆ ಸರಕುಗಳಂತಲ್ಲ, ಅಲ್ಲಿ ಕೊಳ್ಳುವವನಿಗೆ ತಾನು ಏನನ್ನು ಕೊಳ್ಳುತ್ತಿದ್ದೇನೆಂದೇ ತಿಳಿದಿರುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿಯೇ ಬರೆದರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದ ಮಾರುಕಟ್ಟೆಯಲ್ಲಿ ಕಳಪೆ ಸರಕು ಒಳ್ಳೆಯದನ್ನು ಹೊರದಬ್ಬುತ್ತದೆ ಎಂದು 1970ರಲ್ಲಿ ಜಾರ್ಜ್ ಅಕರ್ಲಾಫ್ ತೋರಿಸಿಕೊಟ್ಟರು. 2001ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. ಅದೇ 1970ರಲ್ಲಿ ಆಲ್ಬರ್ಟ್ ಹರ್ಷ್‌ಮನ್ ಇನ್ನೊಂದು ಸರಳವಾದ ಮಾತು ಹೇಳಿದರು. ಸಂಸ್ಥೆಯೊಂದು ಕೆಟ್ಟಾಗ ಅದನ್ನು ತಿದ್ದುವುದು ಎರಡು ಶಕ್ತಿಗಳು: ಬಿಟ್ಟುಹೋಗುವ ಸ್ವಾತಂತ್ರ್ಯ ಮತ್ತು ದನಿಯೆತ್ತುವ ಸ್ವಾತಂತ್ರ್ಯ. ಹಾಸಿಗೆ ಹಿಡಿದ, ಮಾತು ತೊದಲುವ, ನಿನ್ನೆಯದು ನೆನಪಿರದ ಮುದುಕಿಗೆ ಎರಡೂ ಇಲ್ಲ. ಹೋಟೆಲಿನ ಊಟ ಕೆಟ್ಟಿದ್ದರೆ ನಾವು ಮರುದಿನ ಬೇರೆಡೆಗೆ ಹೋಗುತ್ತೇವೆ. ಇಲ್ಲಿ ಉಣ್ಣುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು. ಉಣ್ಣುವವರ ಮಾತು ಕೊಡುವವರಿಗೆ ತಲುಪುವುದೇ ಇಲ್ಲ.

ಹಾಗಾದರೆ ಗುಣಮಟ್ಟವನ್ನು ಅಳೆಯುವುದು ಹೇಗೆ? ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು 1966ರಲ್ಲಿ ಸೂಚಿಸಿದ ಮೂರು ಮೆಟ್ಟಿಲುಗಳು ಇಂದಿಗೂ ಉಪಯುಕ್ತ. ಮೊದಲನೆಯದು, ಏನಿದೆ ಎಂಬುದು: ಕಟ್ಟಡ, ಸಲಕರಣೆ, ಸಿಬ್ಬಂದಿ. ಎರಡನೆಯದು, ಏನು ನಡೆಯುತ್ತದೆ ಎಂಬುದು. ಮೂರನೆಯದು, ಅದರ ಫಲವಾಗಿ ರೋಗಿ ಹೇಗಾದರು ಎಂಬುದು. ನಾವು ಸಾಮಾನ್ಯವಾಗಿ ಮೊದಲ ಮೆಟ್ಟಿಲಲ್ಲೇ ನಿಂತುಬಿಡುತ್ತೇವೆ. ಹಿರಿಯರ ಬದುಕು ತೀರ್ಮಾನವಾಗುವುದು ಉಳಿದೆರಡರಲ್ಲಿ.

ನನ್ನ ಸುತ್ತಾಟದಲ್ಲಿ ಅತ್ಯಂತ ಉಪಯುಕ್ತವಾದ ಪ್ರಶ್ನೆ ಒಂದೇ: ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎಚ್ಚರವಾಗಿರುವವರು ಎಷ್ಟು ಮಂದಿ? ವ್ಯವಸ್ಥಾಪಕರು ಈ ಪ್ರಶ್ನೆಗೆ ಹಗಲಿನ ಸಿಬ್ಬಂದಿಯ ಸಂಖ್ಯೆಯನ್ನು ಹೇಳುತ್ತಾರೆ. ಒಂದು ಕಡೆ ಆಯಾ ಒಬ್ಬಳನ್ನು ಪ್ರತ್ಯೇಕವಾಗಿ ಕೇಳಿದೆ. ‘ರಾತ್ರಿ ನಾನೊಬ್ಳೇ ಸಾ, ಇಪ್ಪತ್ತೆರಡು ಜನಕ್ಕೆ’ ಎಂದಳು. ತಾನಾಗಿ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಶುಶ್ರೂಷೆಯ ಮೊದಲ ಪಾಠ. ಇಲ್ಲದಿದ್ದರೆ ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಇಪ್ಪತ್ತೆರಡು ಮಂದಿಗೆ ಒಬ್ಬಳು ಇದನ್ನು ಮಾಡುವುದು ಸಾಧ್ಯವೇ ಇಲ್ಲ. ಆ ಹೆಣ್ಣುಮಗಳನ್ನು ದೂರಿ ಫಲವಿಲ್ಲ, ಲೆಕ್ಕವೇ ತಪ್ಪಿದೆ.

ಉಳಿದ ಪ್ರಶ್ನೆಗಳೂ ಇದೇ ಬಗೆಯವು. ಈಗಿರುವವರಲ್ಲಿ ಎಷ್ಟು ಮಂದಿಗೆ ಹಾಸಿಗೆ ಹುಣ್ಣಾಗಿದೆ, ಅದು ಇಲ್ಲಿಗೆ ಬಂದ ಮೇಲೆ ಆದದ್ದೇ? ಪ್ರತಿ ತಿಂಗಳು ತೂಕ ನೋಡಿ ಬರೆದಿಡುತ್ತಾರೆಯೇ? ತೂಕ ಇಳಿಯುವುದು ಊಟದ ಬಗ್ಗೆ ಯಾವ ಮೆನು ಪಟ್ಟಿಗಿಂತ ಹೆಚ್ಚಿನದನ್ನು ಹೇಳುತ್ತದೆ. ಕಳೆದ ಆರು ತಿಂಗಳಲ್ಲಿ ಯಾರು ಬಿದ್ದರು, ಅದನ್ನು ಬರೆದಿಟ್ಟ ಪುಸ್ತಕ ಎಲ್ಲಿದೆ? ಮಾತ್ರೆಗಳನ್ನು ಯಾರು ಎಣಿಸಿ ಕೊಡುತ್ತಾರೆ? ರಾತ್ರಿ ಗಲಾಟೆ ಮಾಡುವವರಿಗೆ ನಿದ್ರೆಯ ಔಷಧ ಕೊಡುವ ಮೊದಲು ವೈದ್ಯರು ನೋಡುತ್ತಾರೆಯೇ, ಇಲ್ಲವೇ ಮಂಚಕ್ಕೆ ಕಟ್ಟುತ್ತಾರೆಯೇ? ಶೌಚಕ್ಕೆ ಕರೆದೊಯ್ಯಬಹುದಾದವರಿಗೂ ಅನುಕೂಲಕ್ಕಾಗಿ ಡೈಪರ್ ಹಾಕಿ ಬಿಟ್ಟಿದ್ದಾರೆಯೇ? ಬಿದ್ದವರ ವಿವರ ಬರೆದಿಟ್ಟಿರುವ ಕೇಂದ್ರವನ್ನು ಕಂಡು ನಾವು ಹೆದರುತ್ತೇವೆ, ‘ನಮ್ಮಲ್ಲಿ ಯಾರೂ ಬಿದ್ದೇ ಇಲ್ಲ’ ಎನ್ನುವಲ್ಲಿ ನೆಮ್ಮದಿ ಪಡುತ್ತೇವೆ. ವಾಸ್ತವದಲ್ಲಿ ಮೊದಲನೆಯದನ್ನು ನಂಬಬಹುದು. ಎರಡನೆಯ ಕಡೆ ಬರೆಯುವ ಪದ್ಧತಿಯೇ ಇರಲಾರದು.

ಊಟದ ಹೊತ್ತಿನಲ್ಲಿ, ಮೊದಲೇ ತಿಳಿಸದೆ ಹೋಗುವುದು ಒಳ್ಳೆಯದು. ನಮ್ಮ ಸೀಮೆಯ ಹಿರಿಯರು ಹುಟ್ಟಿದಂದಿನಿಂದ ರಾಗಿ ಮುದ್ದೆ, ಸೊಪ್ಪಿನ ಸಾರು ಉಂಡವರು. ಅವರ ಮುಂದೆ ಮೂರು ಹೊತ್ತೂ ಅನ್ನ ಅಥವಾ ಒಣ ಚಪಾತಿ ಇಟ್ಟು, ತಿನ್ನದಿದ್ದರೆ ‘ಹಟ’ ಎನ್ನುವುದನ್ನು ಕಂಡಿದ್ದೇನೆ. ಒಂದು ಕೈ ಸ್ವಾಧೀನವಿಲ್ಲದವರಿಗೆ ಯಾರು ತಿನ್ನಿಸುತ್ತಾರೆ, ಎಷ್ಟು ನಿಮಿಷ ಕೂರುತ್ತಾರೆ ಎಂಬುದು ಅಲ್ಲಿಯೇ ಗೋಚರವಾಗುತ್ತದೆ. ಆರೈಕೆ ಮಾಡುವವರಿಗೆ ನಮ್ಮ ಕಡೆಯ ಮಾತು ಅರ್ಥವಾಗುತ್ತದೆಯೇ ಎಂಬುದನ್ನೂ ನೋಡಬೇಕು. ನೋವು ಎಲ್ಲಿ ಎಂದು ಹೇಳಲು ಭಾಷೆ ಬೇಕು. ಬಾಗಿಲಲ್ಲಿ ‘ಭೇಟಿಯ ಸಮಯ ಭಾನುವಾರ 4ರಿಂದ 5’ ಎಂಬ ಫಲಕವಿದ್ದರೆ ಅದರ ಅರ್ಥವನ್ನು ಓದುಗರಿಗೆ ಬಿಡುತ್ತೇನೆ. ಮುಂಗಡ ಠೇವಣಿ, ಮಧ್ಯದಲ್ಲಿ ಬಿಟ್ಟರೆ ಅಥವಾ ತೀರಿಕೊಂಡರೆ ಅದರ ಮರುಪಾವತಿ, ಆಸ್ಪತ್ರೆಗೆ ಸಾಗಿಸುವ ಹೊಣೆ ಇವೆಲ್ಲ ಬರಹದಲ್ಲಿರಬೇಕು. ಏಳರಲ್ಲಿ ಎರಡು ಕಡೆ ಮಾತ್ರ ಲಿಖಿತ ಕರಾರು ಇತ್ತು.

ಕೊನೆಗೆ ನಮ್ಮ ಮುಂದೆ ಉಳಿದದ್ದು ಎರಡು. ಮೈಸೂರಿನ ದೊಡ್ಡ ಕೇಂದ್ರದಲ್ಲಿ ತಿಂಗಳಿಗೆ 32,000 ರೂಪಾಯಿ. ಲಿಫ್ಟ್, ಫಿಸಿಯೋಥೆರಪಿ ಕೊಠಡಿ, ದಿನವೂ ಬರುವ ವೈದ್ಯರು. ಚಾಮರಾಜನಗರದ ಬಾಡಿಗೆ ಮನೆಯಲ್ಲಿ 14 ಮಂದಿಯಿರುವ ಸಣ್ಣ ಕೇಂದ್ರದಲ್ಲಿ 18,000. ವಾರಕ್ಕೆರಡು ಸಲ ಬರುವ ವೈದ್ಯರು, ರಾತ್ರಿ ಇಬ್ಬರು ಆಯಾಗಳು, ಹಳೆಯ ನೆಲ. ಅಕ್ಕನ ಮಗಳು ಶಾಲೆ ಬಿಟ್ಟ ಮೇಲೆ ನಡೆದೇ ಹೋಗಿ ಬರಬಹುದಾದ ದೂರ ಎರಡನೆಯದು. ನಾವು ಅದನ್ನೇ ಆರಿಸಿದೆವು. ಮೈಸೂರಿನ ಕೇಂದ್ರದಲ್ಲಿ ಏನಿದೆ ಎಂಬುದು ಖಂಡಿತ ಮೇಲು. ಆದರೆ ಏನು ನಡೆಯುತ್ತದೆ ಎಂಬುದನ್ನು ದಿನವೂ ನೋಡುವ ಒಂದು ಜೊತೆ ಕಣ್ಣು ಅಲ್ಲಿ ಇರುತ್ತಿರಲಿಲ್ಲ. ನಾನು ಅದೇ ಊರಿನಲ್ಲಿದ್ದರೂ ವಾರಕ್ಕೊಮ್ಮೆ ಹೋಗುವ ತಮ್ಮನ ಕಣ್ಣು ದಿನವೂ ತಲೆ ಬಾಚುವ ಮಗಳ ಕಣ್ಣಿಗೆ ಸಮವಲ್ಲ. ಈ ಭಾರ ನಮ್ಮ ಸಮಾಜದಲ್ಲಿ ಯಾವಾಗಲೂ ಹೆಣ್ಣುಮಕ್ಕಳ ಮೇಲೆಯೇ ಬೀಳುತ್ತದೆ ಎಂಬುದನ್ನು ನಾನು ಮರೆತಿಲ್ಲ. ಆದರೆ ತಾಯಿಯನ್ನು ಎತ್ತಿ, ತೊಳೆದು, ರಾತ್ರಿಯಿಡೀ ಎದ್ದಿರುವ ಭಾರಕ್ಕೂ ಅರ್ಧ ಗಂಟೆ ಪಕ್ಕದಲ್ಲಿ ಕೂತು ಮಾತಾಡುವ ಭಾರಕ್ಕೂ ವ್ಯತ್ಯಾಸವಿದೆ.

ಕಟ್ಟಡವನ್ನು ನಂಬಬಾರದು ಎಂಬುದಕ್ಕೆ ಈ ಜಿಲ್ಲೆ ದುಬಾರಿ ಬೆಲೆ ತೆತ್ತಿದೆ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಮೃತಪಟ್ಟರು. ಹೈಕೋರ್ಟ್ ನಿರ್ದೇಶನದಂತೆ ರಚಿತವಾದ ಸಮಿತಿ ಆಮ್ಲಜನಕದ ಕೊರತೆಯನ್ನು ದಾಖಲಿಸಿತು. ಹಾಸಿಗೆಗಳಿದ್ದವು, ಕೊಳವೆಗಳಿದ್ದವು, ವೈದ್ಯರಿದ್ದರು. ರಾತ್ರಿಗೆ ಎಷ್ಟು ಬೇಕು, ಎಷ್ಟಿದೆ, ಉಳಿದದ್ದು ಯಾವಾಗ ಬರುತ್ತದೆ ಎಂಬ ಲೆಕ್ಕ ಕೈಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯಡಪುರದ ಬಳಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಹೊಸ ಬೋಧನಾ ಆಸ್ಪತ್ರೆ ಉದ್ಘಾಟನೆಯಾಯಿತು. ಅದು ಸಂತೋಷದ ಸಂಗತಿ. ಆದರೆ ಮೇ ತಿಂಗಳ ಆ ರಾತ್ರಿಯ ಪಾಠ ಕಟ್ಟಡದ್ದಲ್ಲ.

ಕಾನೂನಿನ ಸ್ಥಿತಿ ಏನು? ರೋಗಿಗಳನ್ನು ದಾಖಲಿಸಿಕೊಳ್ಳುವ ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ನೋಂದಣಿ, ದರಪಟ್ಟಿಯ ಪ್ರಕಟಣೆ ಅದರ ಭಾಗ. ಹಿರಿಯರಿಗಾಗಿ ಅದೇ 2007ರಲ್ಲಿ ಸಂಸತ್ತು ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆಯನ್ನು ಅಂಗೀಕರಿಸಿತು. ಅದರ 19ನೇ ವಿಧಿಯಂತೆ ರಾಜ್ಯ ಸರ್ಕಾರವು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ಒಂದು ವೃದ್ಧಾಶ್ರಮವನ್ನು ಸ್ಥಾಪಿಸಬಹುದು. ವೃದ್ಧಾಶ್ರಮಗಳ ನಿರ್ವಹಣೆಗೆ ಮಾನದಂಡಗಳಿರುವ ಯೋಜನೆಯನ್ನು ರೂಪಿಸಬಹುದು. ಸರ್ಕಾರಿ ಕಡತಗಳ ನಡುವೆ ಬದುಕಿದವನಿಗೆ ‘ಬಹುದು’ ಮತ್ತು ‘ತಕ್ಕದ್ದು’ ಎಂಬ ಪದಗಳ ನಡುವಿನ ಅಂತರ ಚೆನ್ನಾಗಿ ಗೊತ್ತು. ‘ಬಹುದು’ ಎಂಬುದಕ್ಕೆ ಬಜೆಟ್ಟಿನಲ್ಲಿ ಕೊನೆಯ ಸಾಲು. ಅದೇ ಕಾಯ್ದೆಯಡಿ ಮಕ್ಕಳಿಂದ ಕೊಡಿಸಬಹುದಾದ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಚಾಮರಾಜನಗರದ ಸಣ್ಣ ಕೇಂದ್ರದ ಶುಲ್ಕಕ್ಕೂ ಅದು ಸಾಲದು.

ಈ ಕೊರತೆಯನ್ನು ಕೇಂದ್ರ ಸರ್ಕಾರ ಗುರುತಿಸಿತ್ತು. 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆಯು ಹಿರಿಯರ ಆರೈಕೆ ಕೇಂದ್ರಗಳಿಗೆ ನೋಂದಣಿ ಮತ್ತು ಕನಿಷ್ಠ ಮಾನದಂಡಗಳನ್ನು ಕಡ್ಡಾಯಗೊಳಿಸಿ, ಜೀವನಾಂಶದ ಮಿತಿಯನ್ನು ತೆಗೆದುಹಾಕುವ ಉದ್ದೇಶ ಹೊಂದಿತ್ತು. ಸ್ಥಾಯಿ ಸಮಿತಿ ಪರಿಶೀಲಿಸಿ ವರದಿ ಕೊಟ್ಟರೂ ಅದು ಅಂಗೀಕಾರವಾಗಲಿಲ್ಲ. 2024ರಲ್ಲಿ ಹದಿನೇಳನೆಯ ಲೋಕಸಭೆಯೊಂದಿಗೆ ಮಸೂದೆಯೂ ಬಿದ್ದುಹೋಯಿತು. ಆದರೆ ರಾಜ್ಯ ಕಾಯುತ್ತ ಕೂರಬೇಕಿಲ್ಲ. ಖಾಸಗಿ ಆಸ್ಪತ್ರೆಗಳ ವಿಷಯದಲ್ಲಿ ಕೇಂದ್ರದ 2010ರ ಕಾಯ್ದೆಗೂ ಮೊದಲೇ ಕರ್ನಾಟಕ ತನ್ನದೇ ಶಾಸನ ಮಾಡಿಕೊಂಡಿತು. ಇಲ್ಲಿಯೂ ಹಾಗೆ ಮಾಡಬಹುದು.

ಇದಕ್ಕೆ ಬರುವ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ನಿಯಮ ಬಿಗಿಯಾದರೆ ಬಾಡಿಗೆ ಮನೆಯಲ್ಲಿ ನಡೆಯುವ ಸಣ್ಣ ಕೇಂದ್ರಗಳು ಮುಚ್ಚುತ್ತವೆ, ಉಳಿದವು ದರ ಏರಿಸುತ್ತವೆ, ಇನ್‌ಸ್ಪೆಕ್ಟರ್‌ಗೆ ಮಾಮೂಲು ಕೊಡುವ ಮತ್ತೊಂದು ಕಿಟಕಿ ತೆರೆಯುತ್ತದೆ ಎನ್ನುತ್ತಾರೆ. ಪರವಾನಗಿಯ ನಿಯಮಗಳು ಕೊಠಡಿಯ ಚದರಡಿ, ಲಿಫ್ಟ್, ಪಾರ್ಕಿಂಗುಗಳನ್ನು ಅಳೆಯತೊಡಗಿದರೆ ಈ ಭಯ ನಿಜವಾಗುತ್ತದೆ. ತಪಾಸಣೆಯ ದಿನ ಹೊಸ ಬೆಡ್‌ಶೀಟ್ ಬರುವುದನ್ನು ನಾನು ಸೇವೆಯಲ್ಲಿದ್ದಾಗ ಅನೇಕ ಹಾಸ್ಟೆಲ್‌ಗಳಲ್ಲಿ ಕಂಡಿದ್ದೇನೆ. ಅಮೆರಿಕ 2008ರ ಕೊನೆಯಲ್ಲಿ ನರ್ಸಿಂಗ್ ಹೋಮ್‌ಗಳಿಗೆ ಐದು ನಕ್ಷತ್ರಗಳ ಶ್ರೇಣಿ ನೀಡಲು ತೊಡಗಿದಾಗ ಸಿಬ್ಬಂದಿಯ ಸಂಖ್ಯೆಯನ್ನು ಆ ಕೇಂದ್ರಗಳೇ ಹೇಳಿಕೊಳ್ಳುತ್ತಿದ್ದವು. ಆ ಲೆಕ್ಕವನ್ನು ನಂಬಲಾಗದೆ, ಅನಂತರ ಸಂಬಳದ ಪಟ್ಟಿಯನ್ನು ಆಧರಿಸಿದ ಮಾಹಿತಿಯನ್ನು ಕಡ್ಡಾಯಗೊಳಿಸಬೇಕಾಯಿತು. ಅವರ ಹಣವೂ ಗಣಕಯಂತ್ರಗಳೂ ನಮಗಿಲ್ಲ, ಆದರೆ ಅವರ ಅನುಭವವನ್ನು ಪುಕ್ಕಟೆಯಾಗಿ ಪಡೆಯಬಹುದು.

ಆದ್ದರಿಂದ ನನ್ನ ಸಲಹೆ ಸರಳವಾದದ್ದು. ನೋಂದಣಿ ಎಲ್ಲರಿಗೂ ಕಡ್ಡಾಯವಾಗಲಿ, ಶುಲ್ಕ ಅತ್ಯಲ್ಪವಿರಲಿ. ಕಟ್ಟಡದ ವಿಷಯದಲ್ಲಿ ಬೆಂಕಿಯ ಸುರಕ್ಷತೆ, ನೀರು, ಶೌಚಾಲಯಕ್ಕೆ ಹಿಡಿಕೆ ಇವಿಷ್ಟು ಸಾಕು. ಆದರೆ ಪ್ರತಿ ಕೇಂದ್ರದ ಬಾಗಿಲಲ್ಲಿ ಒಂದು ಕಪ್ಪು ಹಲಗೆ ಇರಲಿ. ಇಂದು ಇರುವ ಹಿರಿಯರು ಎಷ್ಟು, ಇಂದು ರಾತ್ರಿ ಎಚ್ಚರವಿರುವ ಸಿಬ್ಬಂದಿ ಎಷ್ಟು, ಈ ತಿಂಗಳು ಬಿದ್ದವರು, ಹಾಸಿಗೆ ಹುಣ್ಣಾದವರು, ಆಸ್ಪತ್ರೆಗೆ ಹೋದವರು, ತೀರಿಕೊಂಡವರು ಎಷ್ಟು ಎಂಬುದನ್ನು ಅದರ ಮೇಲೆ ಬರೆಯಲಿ. ಭೇಟಿಗೆ ಹಗಲಿನಲ್ಲಿ ಯಾವ ನಿರ್ಬಂಧವೂ ಬೇಡ. ಆ ಹಲಗೆಯನ್ನು ತಾಳೆ ನೋಡಲು ಮುನ್ಸೂಚನೆಯಿಲ್ಲದೆ ಬರುವ ಸ್ಥಳೀಯ ಸಮಿತಿ ಇರಲಿ. ಅದರಲ್ಲಿ ನಿವೃತ್ತ ನರ್ಸ್, ಆಶಾ ಕಾರ್ಯಕರ್ತೆ, ಒಳಗಿರುವವರ ಕುಟುಂಬದ ಒಬ್ಬರು, ಮತ್ತೊಂದು ಕೇಂದ್ರದ ಒಬ್ಬರು ಇರಲಿ. ಹಾಸಿಗೆ ಹಿಡಿದ ಬಡ ಹಿರಿಯರನ್ನು ಸೇರಿಸಿಕೊಳ್ಳುವ ಕೇಂದ್ರಕ್ಕೆ ಸರ್ಕಾರ ತಲೆಗೆ ಇಷ್ಟೆಂದು ಅನುದಾನ ಕೊಡಲಿ, ಅದರ ಒಂದು ಪಾಲು ಆಯಾಗಳ ಸಂಬಳಕ್ಕೆಂದೇ ಮೀಸಲಾಗಲಿ. ಕನಿಷ್ಠ ವೇತನವನ್ನೂ ಪಡೆಯದೆ ಆರು ತಿಂಗಳಿಗೊಮ್ಮೆ ಕೆಲಸ ಬಿಡುವ ಹೆಣ್ಣುಮಕ್ಕಳಿಂದ ಗುಣಮಟ್ಟವನ್ನು ಬಯಸುವುದು ಅರ್ಥಶಾಸ್ತ್ರವಲ್ಲ.

ಇದಾವುದೂ ನಮ್ಮ ನೆಲಕ್ಕೆ ಅಪರಿಚಿತವಲ್ಲ. ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಸರ್ಕಾರ ಕರುಣಾ ಟ್ರಸ್ಟ್‌ಗೆ ವಹಿಸಿತು. ಹಳ್ಳಿಯ ಸರ್ಕಾರಿ ಆಸ್ಪತ್ರೆಯನ್ನೂ ಚೆನ್ನಾಗಿ ನಡೆಸಬಹುದೆಂದು ಆ ಪ್ರಯೋಗ ತೋರಿಸಿತು. ಬಂಡೀಪುರದ ಕಾಡು ದಾಟಿದರೆ ಸಿಗುವ ವಯನಾಡು ಸೇರಿದಂತೆ ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳು, ಸ್ವಯಂಸೇವಕರು, ನರ್ಸ್‌ಗಳು ಒಟ್ಟಾಗಿ ಹಾಸಿಗೆ ಹಿಡಿದವರ ಮನೆಗೇ ಹೋಗುವ ಪದ್ಧತಿ ಬೆಳೆದಿದೆ; 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆಂದೇ ನೀತಿಯನ್ನು ರೂಪಿಸಿತು. ಮನೆಗೆ ವಾರಕ್ಕೊಮ್ಮೆ ನರ್ಸ್ ಬರುವಂತಾದರೆ ಅನೇಕ ಹಿರಿಯರು ಕೇಂದ್ರಗಳಿಗೆ ಹೋಗುವ ಅಗತ್ಯವೇ ಬೀಳದು.

ಅಲ್ಲಿಯವರೆಗೆ ಪ್ರತಿ ಕುಟುಂಬ ತಾನೇ ತನಿಖಾಧಿಕಾರಿಯಾಗಬೇಕು. ಓದು ಬಲ್ಲ, ಕೇಳಲು ಧೈರ್ಯವಿರುವ, ಮೂರು ತಿಂಗಳು ಅಲೆಯಲು ಬಿಡುವೂ ಹಣವೂ ಇರುವ ಕುಟುಂಬಗಳು ಹೇಗೋ ದಾರಿ ಕಂಡುಕೊಳ್ಳುತ್ತವೆ. ಗುಂಡ್ಲುಪೇಟೆಯ ಸಂತೆಯಲ್ಲಿ ಸೊಪ್ಪು ಮಾರಿ ಬದುಕುವ ಮಗಳಿಗೆ ಅದು ಸಾಧ್ಯವಿಲ್ಲ. ಆಕೆಯ ತಾಯಿಗೂ ಹೊರಳಿಸುವ ಕೈ ರಾತ್ರಿ ಎರಡು ಗಂಟೆಗೊಮ್ಮೆ ಬೇಕು. ರಾಜ್ಯದ ಶಾಸನಸಭೆ ಈ ವಿಷಯವನ್ನು ಕೈಗೆತ್ತಿಕೊಳ್ಳುವಾಗ ಮೊದಲು ನೆನೆಯಬೇಕಾದದ್ದು ಆ ತಾಯಿಯನ್ನು.